ಚೆಂಗಲ್ಪಟ್ಟಿನ ರಂಗಾಚಾರ್ಲು, ಮೈಸೂರಿನ ಪ್ರಜಾಪ್ರತಿನಿಧಿ ಸಭೆ

ಮೈಸೂರಿಗೆ ಹೋದವರು ದೊಡ್ಡ ಗಡಿಯಾರದ ಬಳಿ ಇರುವ ಪುರಭವನವನ್ನು ನೋಡಿಯೇ ಇರುತ್ತಾರೆ. ಅದರ ಪೂರ್ಣ ಹೆಸರು ರಂಗಾಚಾರ್ಲು ಸ್ಮಾರಕ ಪುರಭವನ. ದಸರಾ ಸಮಯದಲ್ಲಿ ಚೆನ್ನೈಯಿಂದ ಕುಟುಂಬ ಸಮೇತ ಹೋಗುವ ನಮ್ಮ ಕನ್ನಡಿಗರು ಆ ಕಟ್ಟಡದ ಮುಂದೆ ಹಾದು ಹೋಗುತ್ತಾರೆ, ಆದರೆ ಆ ಹೆಸರಿನ ವ್ಯಕ್ತಿ ಇದೇ ಚೆನ್ನೈ ಸೀಮೆಯವರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹುಟ್ಟಿದ್ದು ಚೆಂಗಲ್ಪಟ್ಟು ಜಿಲ್ಲೆಯಲ್ಲಿ, ಓದಿದ್ದು ಮದರಾಸಿನಲ್ಲಿ, ಕೊನೆಯುಸಿರೆಳೆದದ್ದೂ ಮದರಾಸಿನಲ್ಲೇ. ನಡುವೆ ಹದಿನೈದು ವರ್ಷ ಮೈಸೂರು ಸೀಮೆಯಲ್ಲಿ ದುಡಿದರು. ಅದರಲ್ಲಿ ದಿವಾನರಾಗಿ ಇದ್ದದ್ದು ಎರಡು ವರ್ಷವೂ ತುಂಬಲಿಲ್ಲ. ಅಷ್ಟರಲ್ಲೇ ಅವರು ಮಾಡಿಟ್ಟ ಒಂದು ಏರ್ಪಾಡು 68 ವರ್ಷ ಬಾಳಿತು.

ಸಿ. ವಿ. ರಂಗಾಚಾರ್ಲು ಅವರ ಹೆಸರಿನ ಮೊದಲ ಅಕ್ಷರ ಚೆಟ್ಟಿಪುಣ್ಯಂ ಎಂಬ ಊರನ್ನು ಸೂಚಿಸುತ್ತದೆ. ಸಿಂಗಪೆರುಮಾಳ್ ಕೋಯಿಲ್ ಹತ್ತಿರದ ಈ ಊರು ಇಂದು ಹಯಗ್ರೀವ ದೇವಸ್ಥಾನಕ್ಕೆ ಪ್ರಸಿದ್ಧ. ಪರೀಕ್ಷೆಗೆ ಮುಂಚೆ ಮಕ್ಕಳನ್ನು ಕರೆದುಕೊಂಡು ಹೋಗಿ ಪೆನ್ನು ಇಟ್ಟು ಪೂಜೆ ಮಾಡಿಸುವವರು ನಮ್ಮಲ್ಲೂ ಇದ್ದಾರೆ. ಹೆಸರಿನ ಕೊನೆಯಲ್ಲಿ ಚಾರ್ಲು ಎಂದಿರುವುದರಿಂದ ಅವರನ್ನು ತೆಲುಗರೆಂದು ತಿಳಿಯುವವರುಂಟು. ಆಗಿನ ಮದರಾಸಿನಲ್ಲಿ ಹಾಗೆ ಬರೆಯುವುದು ರೂಢಿಯಾಗಿತ್ತು, ಅಷ್ಟೆ. ಅವರದು ತಮಿಳು ಶ್ರೀವೈಷ್ಣವ ಮನೆತನ. ತಂದೆ ಚೆಂಗಲ್ಪಟ್ಟು ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು.

ಅವರು ಹುಟ್ಟಿದ್ದು 1831ರಲ್ಲಿ. ಅದೇ ವರ್ಷ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡು ಕಮಿಷನರರ ಕೈಗೆ ಕೊಟ್ಟರು. ಆ ಆಡಳಿತ ಒಡೆಯರ ಮನೆತನಕ್ಕೆ ಮರಳಿ ಬಂದದ್ದು ಸರಿಯಾಗಿ 50 ವರ್ಷದ ನಂತರ. ಮರಳಿದ ದಿನ ದಿವಾನರ ಕುರ್ಚಿಯಲ್ಲಿ ಕುಳಿತವರು ಆ ವರ್ಷ ಹುಟ್ಟಿದ ಈ ಗುಮಾಸ್ತರ ಮಗ. ಕಾಕತಾಳೀಯವೇ ಆದರೂ ನೆನಪಿಡುವಂಥದ್ದು.

ಬಾಲಕ ರಂಗಾಚಾರ್ಲು ಅವರಿಗೆ ಮದರಾಸಿನಲ್ಲಿ ಆಸರೆಯಾದವರು ವಿ. ರಾಘವಾಚಾರ್ಯರು. ನಗರದ ಪೊಲೀಸ್ ಮ್ಯಾಜಿಸ್ಟ್ರೇಟ್ ಹುದ್ದೆಗೇರಿದ ಮೊದಲ ಭಾರತೀಯರು ಅವರೇ. ಅವರ ಸಹಾಯದಿಂದ ಹುಡುಗ ಪಚ್ಚಯಪ್ಪ ಶಾಲೆ ಸೇರಿದ, ಅಲ್ಲಿಂದ ಪೊವೆಲ್ ಸಾಹೇಬರ ಹೈಸ್ಕೂಲಿಗೆ ಹೋದ. ಆ ಹೈಸ್ಕೂಲೇ ಮುಂದೆ ಪ್ರೆಸಿಡೆನ್ಸಿ ಕಾಲೇಜಾಯಿತು. ತಿರುವಾಂಕೂರು, ಇಂದೂರು, ಬರೋಡಾಗಳ ದಿವಾನರಾದ ಟಿ. ಮಾಧವರಾಯರೂ ಪುದುಕೋಟೆಯ ಶೇಷಯ್ಯ ಶಾಸ್ತ್ರಿಗಳೂ ಪೊವೆಲ್ ಅವರ ಶಿಷ್ಯರೇ. ಒಬ್ಬ ಮೇಷ್ಟರ ಕೈಕೆಳಗೆ ಇಷ್ಟು ಜನ ದಿವಾನರು ತಯಾರಾದದ್ದು ನಮ್ಮ ಊರಿನ ಹೆಮ್ಮೆ ಎನ್ನಬೇಕು.

ಓದು ಮುಗಿಸಿ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಶಿರಸ್ತೇದಾರರಾದರು. ಅವರು ಕಂದಾಯ ಇಲಾಖೆಯಲ್ಲಿದ್ದ ಆ ವರ್ಷಗಳೇ ಮದರಾಸು ಪ್ರಾಂತ್ಯದ ಪೊಲೀಸ್ ಇತಿಹಾಸದಲ್ಲಿ ಬಹಳ ಮುಖ್ಯವಾದ ಕಾಲ. ಆಗ ತಹಶೀಲ್ದಾರರೇ ಕಂದಾಯ ವಸೂಲು ಮಾಡುವವರು, ಅವರೇ ಪೊಲೀಸಿನ ಮುಖ್ಯಸ್ಥರು. ಕಂದಾಯ ಕಟ್ಟದ ರೈತನನ್ನು ಸೇವಕರು ಹಿಡಿದು ತಂದು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುವುದು, ಬೆರಳುಗಳನ್ನು ಮರದ ಪಟ್ಟಿಗಳ ನಡುವೆ ಇಟ್ಟು ಹಿಂಡುವುದು ನಡೆದಿತ್ತು. ದೂರು ಹೇಳಬೇಕಾದರೆ ಹೊಡೆಸಿದವನ ಹತ್ತಿರವೇ ಹೋಗಬೇಕು! ಇದರ ವಿಚಾರಣೆಗೆಂದು ನೇಮಕವಾದ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1859ರ ಪೊಲೀಸ್ ಕಾಯ್ದೆ ಬಂತು, ತಹಶೀಲ್ದಾರರ ಕೈಯಿಂದ ಪೊಲೀಸ್ ಕೆಲಸ ಬೇರೆಯಾಯಿತು. ಅಧಿಕಾರವೆಲ್ಲ ಒಂದೇ ಕಡೆ ಸೇರಿದರೆ ಬಡವನ ಗತಿ ಏನಾಗುತ್ತದೆ ಎಂಬುದು ಆ ಇಲಾಖೆಯಲ್ಲಿದ್ದ ಯಾವ ನೌಕರನಿಗೂ ಪುಸ್ತಕ ಓದಿ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಬಳಿಕ ಇನಾಂ ಕಮಿಷನ್ನಿನಲ್ಲಿ ಟೇಲರ್ ಅವರ ಸಹಾಯಕರಾದರು. ಯಾರ ಇನಾಮು ನಿಜವಾದದ್ದು, ಯಾರದು ಸುಳ್ಳು ಎಂದು ಹಳೆಯ ಸನ್ನದುಗಳನ್ನು ಕೆದಕಿ ತೀರ್ಮಾನಿಸುವ ಕೆಲಸ. ಅದು ಮುಗಿದ ಮೇಲೆ ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರ್. ಅಲ್ಲಿನ ಕಚೇರಿಯಲ್ಲಿ ಭಾಷಾಂತರಕಾರರಾಗಿದ್ದ ಚುರುಕಾದ ಯುವಕ ಕೆ. ಶೇಷಾದ್ರಿ ಅಯ್ಯರ್ ಅವರ ಕಣ್ಣಿಗೆ ಬಿದ್ದರು. ಈ ಪರಿಚಯ ಮುಂದೆ ಕನ್ನಡ ನಾಡಿಗೆ ಎಷ್ಟು ದೊಡ್ಡ ಲಾಭವಾಯಿತು ಎಂಬುದು ಎಲ್ಲರಿಗೂ ತಿಳಿದದ್ದೇ.

1868ರ ಮಾರ್ಚ್ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ದತ್ತುಪುತ್ರ ಚಾಮರಾಜೇಂದ್ರರಿಗೆ ಆಗ ಐದು ವರ್ಷ. ಅರಮನೆಯ ಲೆಕ್ಕ, ಒಡವೆ, ಸಾಲ, ಆಶ್ರಿತರ ಸಂಬಳ ಎಲ್ಲವೂ ಗೋಜಲು. ಅದನ್ನು ಬಿಡಿಸಲು ಎಲಿಯಟ್ ಎಂಬ ಅಧಿಕಾರಿಯ ನೆರವಿಗೆ ರಂಗಾಚಾರ್ಲು ಅವರನ್ನು ಮೈಸೂರಿಗೆ ಕರೆಸಿಕೊಂಡರು. ಇನಾಂ ಕಮಿಷನ್ನಿನಲ್ಲಿ ಪಳಗಿದ ಕೈ. ಒಡವೆ ವಸ್ತುಗಳ ಪಟ್ಟಿಯಾಯಿತು, ಸಾಲಗಾರರ ಲೆಕ್ಕ ತೀರಿತು. ನಂತರ ಅವರೇ ಅರಮನೆಯ ಕಂಟ್ರೋಲರ್ ಆದರು. ಸಾಲದ ಪುಸ್ತಕ ಹಿಡಿದು ಒಂದು ಮನೆತನದ ಒಳಗನ್ನೆಲ್ಲ ನೋಡಿದವರಿಗೆ ಆ ಮನೆಯ ಬಲವೂ ಗೊತ್ತಾಗುತ್ತದೆ, ದೌರ್ಬಲ್ಯವೂ ಗೊತ್ತಾಗುತ್ತದೆ. ಮೈಸೂರು ಮತ್ತೆ ಒಡೆಯರಿಗೆ ಬರಬೇಕು, ಆದರೆ ಒಬ್ಬರ ಇಚ್ಛೆಯಂತೆ ನಡೆಯುವ ಹಳೆಯ ಆಡಳಿತವಾಗಿ ಬರಬಾರದು ಎಂಬ ಅಭಿಪ್ರಾಯ ಅವರಲ್ಲಿ ಗಟ್ಟಿಯಾದದ್ದು ಇಲ್ಲಿಯೇ ಇರಬೇಕು. ಮೈಸೂರಿನ ಬ್ರಿಟಿಷ್ ಆಡಳಿತದ ಮೇಲೆ ಅವರು ಬರೆದ ಪುಸ್ತಿಕೆಯೊಂದು 1874ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಮಿಷನ್ ಆಡಳಿತವನ್ನು ಅದರಲ್ಲಿ ನೇರವಾಗಿಯೇ ಟೀಕಿಸಿದ್ದರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಸರ್ಕಾರದ ಲೋಪ ಬರೆಯುವುದು ಇಂದಿಗೂ ಸುಲಭವಲ್ಲ.

1876ರಿಂದ 78ರವರೆಗೆ ಬಂದ ಭೀಕರ ಕ್ಷಾಮ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ ಎಣಿಸಿದಾಗ 41,86,188. ಖಜಾನೆಯಲ್ಲಿ ಕೂಡಿಟ್ಟಿದ್ದ ಸುಮಾರು 63 ಲಕ್ಷ ರೂಪಾಯಿ ಕರಗಿ ಹೋಯಿತು. ಅದರ ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ಸಾಲ. ಸಂಸ್ಥಾನದ ವರ್ಷದ ಒಟ್ಟು ಆದಾಯವೇ ಒಂದು ಕೋಟಿ ರೂಪಾಯಿಯ ಆಸುಪಾಸು ಎಂದರೆ ಪರಿಸ್ಥಿತಿ ಅರ್ಥವಾದೀತು.

ಹೀಗೆ ಬರಿದಾದ ಬೊಕ್ಕಸದೊಂದಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿತು. ಮದರಾಸಿನ ಗವರ್ನರ್ ಆಡಂ ಅವರು ಮೈಸೂರಿಗೆ ಹೋಗಿ 18 ವರ್ಷದ ಚಾಮರಾಜೇಂದ್ರ ಒಡೆಯರನ್ನು ಪಟ್ಟಕ್ಕೇರಿಸಿದರು. ರಂಗಾಚಾರ್ಲು ದಿವಾನರಾದರು. ಆದರೆ ರಾಜ್ಯವನ್ನು ಕೊಟ್ಟ ಕೈ ಒಂದು ಪತ್ರವನ್ನೂ ಜೊತೆಗೆ ಕೊಟ್ಟಿತ್ತು. ಅದರ ಷರತ್ತುಗಳನ್ನು ಗಮನಿಸಬೇಕು. ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ ಅವರ ಒಪ್ಪಿಗೆಯಿಲ್ಲದೆ ರದ್ದು ಮಾಡುವಂತಿಲ್ಲ, ಬದಲಿಸುವಂತಿಲ್ಲ. ಆಡಳಿತ ಪದ್ಧತಿಯಲ್ಲಿ ಮಹತ್ವದ ಬದಲಾವಣೆ ಮಾಡುವಂತಿಲ್ಲ. ರೈಲು ಹಳಿಗೆ ಬೇಕಾದ ಜಮೀನನ್ನು ಪುಕ್ಕಟೆಯಾಗಿ ಕೊಡಬೇಕು, ಆ ಜಮೀನಿನ ಮೇಲಿನ ನ್ಯಾಯಾಧಿಕಾರವೂ ಬ್ರಿಟಿಷರಿಗೆ. ಐರೋಪ್ಯ ಬ್ರಿಟಿಷ್ ಪ್ರಜೆಗಳ ಅಪರಾಧ ವಿಚಾರಣೆಗೆ ಬೇರೆ ಕಟ್ಟುಪಾಡು. ಬೆಂಗಳೂರಿನ ದಂಡು ಪ್ರದೇಶ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅದೇ ವರ್ಷ ಬೆಂಗಳೂರಿನ ಪೇಟೆಗೊಂದು ಮುನಿಸಿಪಾಲಿಟಿ, ದಂಡಿಗೊಂದು ಮುನಿಸಿಪಾಲಿಟಿ ಎಂದು ಬೇರೆ ಬೇರೆಯಾದವು. ಪೇಟೆಯಲ್ಲಿ ಕಳವು ಮಾಡಿದವನು ಕಬ್ಬನ್ ಪಾರ್ಕಿನ ಆಚೆ ದಂಡಿಗೆ ದಾಟಿದರೆ ಬೇರೆ ಸರ್ಕಾರದ ಪೊಲೀಸ್, ರೈಲು ಹಳಿಯ ಮೇಲೆ ಸಿಕ್ಕಿದರೆ ಇನ್ನೊಂದು ಅಧಿಕಾರ! ಪೇಟೆ ಮತ್ತು ದಂಡಿನ ಈ ಎರಡು ಪೌರಾಡಳಿತಗಳು ಒಂದಾಗಲು 1949ರವರೆಗೆ ಕಾಯಬೇಕಾಯಿತು.

ಕಟ್ಟಬೇಕಾದ ಪೊಗದಿಯೂ ಭಾರವೇ. ಮೊದಲು ವರ್ಷಕ್ಕೆ 24 ಲಕ್ಷ 50 ಸಾವಿರ ಇದ್ದದ್ದನ್ನು 35 ಲಕ್ಷಕ್ಕೆ ಏರಿಸಿದ್ದರು. ಕ್ಷಾಮದ ಕಾರಣ ಹೆಚ್ಚುವರಿ ಹತ್ತೂವರೆ ಲಕ್ಷವನ್ನು ಐದು ವರ್ಷ ಮುಂದಕ್ಕೆ ಹಾಕಲು ಮಾತ್ರ ಒಪ್ಪಿದರು.

ಈ ಕಟ್ಟುಗಳ ನಡುವೆ ಒಬ್ಬ ದಿವಾನ ಏನು ಮಾಡಬಲ್ಲ? ಶಾಸನ ಮಾಡುವ ಸಭೆಯನ್ನು ಸ್ಥಾಪಿಸಲು ಹೊರಟರೆ ಕಲ್ಕತ್ತೆಯ ಅಪ್ಪಣೆ ಬೇಕು. ರಂಗಾಚಾರ್ಲು ಕಾಯ್ದೆಯ ದಾರಿ ಹಿಡಿಯಲಿಲ್ಲ. 1881ರ ಆಗಸ್ಟ್ 25ರಂದು ಮಹಾರಾಜರ ಹೆಸರಿನಲ್ಲಿ ಒಂದು ಸರ್ಕಾರಿ ಆಜ್ಞೆ ಹೊರಬಿತ್ತು. ಪ್ರತಿ ವರ್ಷ ದಸರಾ ಸಮಯದಲ್ಲಿ ಸಂಸ್ಥಾನದ ಎಲ್ಲ ಕಡೆಗಳಿಂದ ರೈತರ ಮತ್ತು ವರ್ತಕರ ಪ್ರತಿನಿಧಿಗಳು ಮೈಸೂರಿಗೆ ಬರಬೇಕು, ಹಿಂದಿನ ವರ್ಷದ ಆಡಳಿತದ ವರದಿಯನ್ನು ದಿವಾನರು ಅವರ ಮುಂದೆ ಇಡುತ್ತಾರೆ, ಅವರು ತಮ್ಮ ಕುಂದುಕೊರತೆ ಹೇಳಿಕೊಳ್ಳಬಹುದು ಎಂಬುದು ಅದರ ತಾತ್ಪರ್ಯ. ಶಾಸನವಿಲ್ಲ, ಮತಕ್ಕೆ ಹಾಕುವುದಿಲ್ಲ, ಸಭೆಯ ಮಾತನ್ನು ಸರ್ಕಾರ ಕೇಳಲೇಬೇಕೆಂಬ ಕಟ್ಟಳೆಯಿಲ್ಲ. ಹಾಗಾಗಿಯೇ ಕಲ್ಕತ್ತೆ ಆಕ್ಷೇಪಿಸಲು ಏನೂ ಇರಲಿಲ್ಲ. ಕಾನೂನಿನ ಬಾಗಿಲು ಮುಚ್ಚಿದ್ದಾಗ ಸಂಪ್ರದಾಯದ ಬಾಗಿಲಿನಿಂದ, ಅದೂ ದಸರಾ ದರ್ಬಾರಿನ ನೆಪದಲ್ಲಿ, ಜನರನ್ನು ಒಳಗೆ ಕರೆತಂದ ಜಾಣ್ಮೆ ಇದು.

ಪ್ರತಿನಿಧಿಗಳನ್ನು ಆರಿಸುವ ಬಗೆಯಲ್ಲೂ ಸ್ಥಳೀಯ ಸಂಸ್ಥೆಗಳಿಗೆ ಪಾತ್ರವಿತ್ತು. ಆಗ ಪ್ರತಿ ಜಿಲ್ಲೆಯಲ್ಲಿ ಲೋಕಲ್ ಫಂಡ್ ಬೋರ್ಡುಗಳಿದ್ದವು. ಕಂದಾಯದ ಜೊತೆ ರೂಪಾಯಿಗೆ ಒಂದಾಣೆಯಂತೆ ವಸೂಲಾದ ಕರದಿಂದ ರಸ್ತೆ, ಛತ್ರ, ಶಾಲೆಗಳ ಕೆಲಸ ನೋಡಿಕೊಳ್ಳುತ್ತಿದ್ದವು. ತಾಲ್ಲೂಕಿಗೆ ಇಬ್ಬರು ಸಾಗುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಎಂದು ಈ ಬೋರ್ಡುಗಳ ಮೂಲಕವೇ ಆಯ್ಕೆ. ಬೋರ್ಡಿನ ಅಧ್ಯಕ್ಷರು ಡೆಪ್ಯುಟಿ ಕಮಿಷನರರೇ ಆಗಿದ್ದರಿಂದ ಇದನ್ನು ಚುನಾವಣೆ ಎನ್ನಲಾಗದು. ಸರ್ಕಾರಕ್ಕೆ ಬೇಡದವನು ಆಯ್ಕೆಯಾಗುವ ಸಂಭವ ಕಡಿಮೆ. ಇದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಸಭೆ ಸೇರಿತು. ಬಂದವರು 144 ಮಂದಿ. ದಿವಾನರು ಎದ್ದು ನಿಂತು ಸಂಸ್ಥಾನದ ಆದಾಯ, ಖರ್ಚು, ಸಾಲ, ರೈಲ್ವೆ ಕಾಮಗಾರಿ ಎಲ್ಲವನ್ನೂ ವಿವರಿಸಿದರು. ಆ ಕಾಲದ ದೇಶೀ ಸಂಸ್ಥಾನಗಳಲ್ಲಿ ಖಜಾನೆಯ ಲೆಕ್ಕ ರಾಜರ ಖಾಸಗಿ ವಿಷಯ. ರೈತನ ಮುಂದೆ ಇಷ್ಟು ಬಂತು, ಇಷ್ಟು ಹೋಯಿತು, ಇಷ್ಟು ಸಾಲವಿದೆ ಎಂದು ಓದಿ ಹೇಳುವ ಪದ್ಧತಿ ಎಲ್ಲಿಯೂ ಇರಲಿಲ್ಲ. ಸಂಘ ಸಂಸ್ಥೆಗಳಲ್ಲಿ ಕಾರ್ಯದರ್ಶಿ, ಖಜಾಂಚಿಯಾಗಿ ದುಡಿದವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ವಾರ್ಷಿಕ ಸಭೆಯಲ್ಲಿ ಜಮಾ ಖರ್ಚು ಓದಿ ಮುಗಿಸುವ ತನಕ ಇರುವ ದುಗುಡ ಅಷ್ಟಿಷ್ಟಲ್ಲ. ಕೈ ಎತ್ತಿ ಮತ ಹಾಕುವ ಅಧಿಕಾರ ಸದಸ್ಯರಿಗೆ ಇಲ್ಲದಿದ್ದರೂ, ಲೆಕ್ಕ ಓದಿದ ಮೇಲೆ ಪ್ರಶ್ನೆ ಬಂದೇ ಬರುತ್ತದೆ. ಒಮ್ಮೆ ಓದಿದ ಲೆಕ್ಕವನ್ನು ಮರು ವರ್ಷ ಓದದೇ ಇರಲು ಬರುವುದಿಲ್ಲ.

ಆಗ ನಮ್ಮ ಮದರಾಸಿನ ಸ್ಥಿತಿ ಹೇಗಿತ್ತು ಎಂದು ನೋಡಿದರೆ ಈ ಹೆಜ್ಜೆಯ ಅಳತೆ ಸಿಗುತ್ತದೆ. ಗವರ್ನರರ ಶಾಸನ ಸಭೆ 1861ರ ಕಾಯ್ದೆಯಂತೆ ನಡೆಯುತ್ತಿತ್ತು. ಅದರಲ್ಲಿದ್ದವರು ಬೆರಳೆಣಿಕೆಯ ಜನ, ಎಲ್ಲರೂ ನೇಮಕಗೊಂಡವರು. ಮುಂದಿಟ್ಟ ಮಸೂದೆಯ ಮೇಲೆ ಮಾತಾಡಬಹುದು, ಅಷ್ಟೆ. ಬಜೆಟ್ ಮೇಲೆ ಚರ್ಚಿಸುವ, ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು 1892ರ ಕಾಯ್ದೆ ಬಂದ ಮೇಲೆ. ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಲಾರ್ಡ್ ರಿಪ್ಪನ್ ಅವರ ಪ್ರಸಿದ್ಧ ನಿರ್ಣಯ ಹೊರಬಿದ್ದದ್ದು 1882ರ ಮೇ 18ರಂದು. ಮೈಸೂರಿನ ರೈತರು ದಿವಾನರ ಮುಂದೆ ಕುಳಿತು ಅಷ್ಟರಲ್ಲಿ ಏಳು ತಿಂಗಳಾಗಿತ್ತು. ನಮ್ಮ ಪಾಲಿಕೆಯ ರಿಪ್ಪನ್ ಕಟ್ಟಡದ ಮುಂದೆ ಹಾದು ಹೋಗುವಾಗ ಇದೊಂದು ಸಂಗತಿಯನ್ನು ಕನ್ನಡಿಗರು ನೆನೆಯಬಹುದು.

ರಂಗಾಚಾರ್ಲು ಮಾಡಿದ್ದೆಲ್ಲ ಜನರಿಗೆ ಹಿಡಿಸಿತು ಎಂದಲ್ಲ. ಸಾಲ ತೀರಬೇಕಾದರೆ ಖರ್ಚು ಇಳಿಯಬೇಕು. ಅವರು ಕತ್ತರಿ ಹಿಡಿದರು. ಎಂಟು ಜಿಲ್ಲೆಗಳಲ್ಲಿ ಹಾಸನ ಮತ್ತು ಚಿತ್ರದುರ್ಗ ಎರಡನ್ನು ಜಿಲ್ಲಾ ಸ್ಥಾನದಿಂದ ಇಳಿಸಿ ಉಪವಿಭಾಗ ಮಾಡಿದರು. ಹಾಸನ 1882ರಲ್ಲಿ ಕಡೂರು ಜಿಲ್ಲೆಯ ಭಾಗವಾಯಿತು. ಕಾಗದದ ಮೇಲೆ ಇದು ಉಳಿತಾಯ. ಆದರೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಅಲ್ಲಿಯವರು ಎತ್ತಿನ ಗಾಡಿ ಕಟ್ಟಿಕೊಂಡು ಬೇರೆ ಜಿಲ್ಲೆಯ ಊರಿಗೆ ಹೋಗಬೇಕಾಯಿತು. ಕ್ಷಾಮದಲ್ಲಿ ಸೊರಗಿದ ಜನರ ಬಾಗಿಲಿಂದ ಕಚೇರಿಯನ್ನು ದೂರ ಒಯ್ದದ್ದು ಒಳ್ಳೆಯ ನಿರ್ಧಾರ ಎನ್ನಲು ಬರುವುದಿಲ್ಲ. ಪ್ರಜೆಗಳ ಸಭೆ ಕಟ್ಟಿದವರೇ ಈ ಕೆಲಸವನ್ನೂ ಮಾಡಿದರು. 1886ರಲ್ಲಿ ಹಾಸನ ಮತ್ತೆ ಜಿಲ್ಲೆಯಾಯಿತು.

ಇನ್ನೊಂದು ಅಸಮಾಧಾನ ಅವರ ಹುಟ್ಟೂರಿನದು. ದಿವಾನರು ಮದರಾಸಿನವರು, ಅವರು ಕರೆಸಿಕೊಂಡ ಅಧಿಕಾರಿಗಳಲ್ಲಿ ಹಲವರು ಮದರಾಸಿನವರು. ಶೇಷಾದ್ರಿ ಅಯ್ಯರ್ ಅವರನ್ನು 1868ರಲ್ಲೇ ಕರೆತಂದಿದ್ದರು. ಮೈಸೂರಿನ ಕೆಲಸ ಮೈಸೂರಿನವರಿಗೆ ಎಂಬ ಕೂಗು ಮುಂದಿನ ದಶಕಗಳಲ್ಲಿ ಬಹಳ ಜೋರಾಯಿತು, ಸಂಸ್ಥಾನದ ರಾಜಕೀಯವನ್ನೇ ಅಲುಗಾಡಿಸಿತು. ಆ ಕೂಗಿನಲ್ಲಿ ನ್ಯಾಯವಿತ್ತು. ಹೊರಗಿನಿಂದ ಬಂದ ಸಮರ್ಥರು ಬೇಕು ಎಂಬುದೂ ಸುಳ್ಳಾಗಿರಲಿಲ್ಲ. ಊರು ಬಿಟ್ಟು ಊರಿಗೆ ಬಂದು ದುಡಿಯುವ ನಮ್ಮಂಥವರಿಗೆ ಎರಡು ಕಡೆಯ ಮಾತೂ ಪರಿಚಿತವೇ. ವಿಚಿತ್ರವೆಂದರೆ, ಈ ಅಸಮಾಧಾನವನ್ನು ದಿವಾನರ ಮುಖದೆದುರೇ ಹೇಳಬಲ್ಲ ವೇದಿಕೆ ಸಂಸ್ಥಾನದ ಜನರಿಗೆ ದಕ್ಕಿದ್ದು ಈ ಮದರಾಸಿನವರಿಂದಲೇ.

ಬೆಂಗಳೂರು ಮೈಸೂರು ರೈಲು ಮಾರ್ಗವೂ ಅವರ ಕಾಲದಲ್ಲೇ ಪೂರ್ಣವಾಯಿತು. 86 ಮೈಲಿ ಉದ್ದ, 1882ರಲ್ಲಿ ರೈಲು ಮೈಸೂರು ಮುಟ್ಟಿತು. ಸಾಲದಲ್ಲಿ ಮುಳುಗಿದ್ದ ಸಂಸ್ಥಾನ ರೈಲಿಗಾಗಿ ಮತ್ತೆ 20 ಲಕ್ಷ ಸಾಲ ಎತ್ತಿತು ಎಂದರೆ ಧೈರ್ಯವೇ ಸರಿ. ತಿನ್ನುವುದಕ್ಕೆ ಮಾಡಿದ ಸಾಲ ಬೇರೆ, ದುಡಿಯುವುದಕ್ಕೆ ಮಾಡಿದ ಸಾಲ ಬೇರೆ ಎಂಬ ವ್ಯತ್ಯಾಸ ಅವರಿಗೆ ಗೊತ್ತಿತ್ತು. ಇಂದು ಸೆಂಟ್ರಲ್ ಸ್ಟೇಷನ್ನಿನಿಂದ ಮೈಸೂರಿಗೆ ಹೋಗುವ ನಮ್ಮ ರೈಲುಗಳು ಬೆಂಗಳೂರಿನಾಚೆ ಸಾಗುವುದು ಆ ಮಾರ್ಗದಲ್ಲೇ.

1882ರ ದಸರಾದಲ್ಲಿ ಎರಡನೆಯ ಸಭೆ ನಡೆಯಿತು. ಅದೇ ಅವರ ಕೊನೆಯ ಸಭೆಯೂ ಆಯಿತು. ಆರೋಗ್ಯ ಕೆಟ್ಟು ಮದರಾಸಿಗೆ ಬಂದರು. 1883ರ ಜನವರಿ 20ರಂದು ಇಲ್ಲಿಯೇ ತೀರಿಕೊಂಡರು. ಐವತ್ತೆರಡರ ಆಸುಪಾಸು ವಯಸ್ಸು. ಶಾಸನದ ಬಲವಿಲ್ಲದ, ಕೇವಲ ಎರಡು ಸಲ ಸೇರಿದ್ದ ಸಭೆ ಅದು. ಮುಂದಿನ ದಿವಾನರು ಬೇಡವೆಂದು ಒಂದು ಆಜ್ಞೆ ಹೊರಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಟಿ. ಆರ್. ಎ. ತಂಬುಚೆಟ್ಟಿ ಅವರು ಕೆಲ ದಿನ ಹಂಗಾಮಿಯಾಗಿ ನೋಡಿಕೊಂಡ ಮೇಲೆ, ಕಲ್ಲಿಕೋಟೆಯ ಕಚೇರಿಯಲ್ಲಿ ರಂಗಾಚಾರ್ಲು ಗುರುತಿಸಿದ್ದ ಶೇಷಾದ್ರಿ ಅಯ್ಯರ್ ದಿವಾನರಾದರು. ಅವರು ಹದಿನೆಂಟು ವರ್ಷ ಆ ಸ್ಥಾನದಲ್ಲಿದ್ದರು, ಸಭೆಯನ್ನು ನಿಲ್ಲಿಸಲಿಲ್ಲ. 1891ರಲ್ಲಿ ಆಸ್ತಿ, ವಿದ್ಯೆಗಳ ಅರ್ಹತೆಯ ಮೇಲೆ ಸದಸ್ಯರ ಚುನಾವಣೆಯೇ ಬಂತು. ಮತದಾರರು ಕೆಲವೇ ಜನ, ನಿಜ. ಆದರೂ ಡೆಪ್ಯುಟಿ ಕಮಿಷನರರ ಪಟ್ಟಿ ಹೋಗಿ ಮತಪೆಟ್ಟಿಗೆಯ ಕಡೆ ದಾರಿ ತಿರುಗಿತು. 1902ರಲ್ಲಿ ಲೋಕಲ್ ಬೋರ್ಡುಗಳ ಕಾನೂನು, 1906ರಲ್ಲಿ ಮುನಿಸಿಪಾಲಿಟಿಗಳ ಕಾನೂನು ಬಂದವು. 1907ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಶಾಸನ ಸಭೆ ಪ್ರತ್ಯೇಕವಾಗಿ ಹುಟ್ಟಿತು. ಪ್ರಜಾಪ್ರತಿನಿಧಿ ಸಭೆ ಮಾತ್ರ ಹುಟ್ಟಿದ 42 ವರ್ಷದ ತನಕ ಆ ಒಂದು ಆಜ್ಞೆಯ ಆಧಾರದ ಮೇಲೆಯೇ ನಡೆಯಿತು. 1923ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅದಕ್ಕೆ ಶಾಸನದ ಮಾನ್ಯತೆ ದೊರೆಯಿತು. ಹೆಂಗಸರೆಂಬ ಕಾರಣಕ್ಕೆ ಮತ ತಪ್ಪಿಸುವಂತಿಲ್ಲ ಎಂಬುದೂ ಆ ಕಾಲದಲ್ಲೇ ಬಂದದ್ದು. 1949ರ ಡಿಸೆಂಬರ್‌ನಲ್ಲಿ, ಸಂವಿಧಾನ ಜಾರಿಗೆ ಬರುವ ಹೊಸ್ತಿಲಲ್ಲಿ, ಸಭೆ ವಿಸರ್ಜನೆಯಾಯಿತು.

ರಂಗಾಚಾರ್ಲು ಅವರು ತೀರಿಕೊಂಡ ಮರುವರ್ಷ, 1884ರಲ್ಲಿ, ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಸ್ಮಾರಕ ಭವನಕ್ಕೆ ಅಡಿಗಲ್ಲು ಹಾಕಿದರು. ಸಾರ್ವಜನಿಕರಿಂದ ಚಂದಾ ಎತ್ತಿ ಕಟ್ಟಿದ ಕಟ್ಟಡ ಅದು. ಮುಂದಿನ ಸಲ ಮೈಸೂರಿಗೆ ಹೋಗುವವರು ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ ಕೊಂಡ ಮೇಲೆ ದೊಡ್ಡ ಗಡಿಯಾರದ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಭವನ ಕಾಣಿಸುತ್ತದೆ.